ಲೈವ್ ಮ್ಯಾಚ್ ತಡೆದು ನೋಡಲು ಯಾವ ಬಾಕ್ಸ್ ಬೇಕು?

2024ರ ಜೂನ್ 29, ಟಿ20 ವಿಶ್ವಕಪ್ ಫೈನಲ್. ಕೊನೆಯ ಓವರ್, ದಕ್ಷಿಣ ಆಫ್ರಿಕಾಕ್ಕೆ 16 ರನ್ ಬೇಕು. ಹಾರ್ದಿಕ್ ಹಾಕಿದ ಮೊದಲ ಬಾಲನ್ನೇ ಮಿಲ್ಲರ್ ಎತ್ತಿ ಹೊಡೆದ, ಸೂರ್ಯಕುಮಾರ್ ಬೌಂಡರಿ ಗೆರೆಯತ್ತ ಓಡಿದ. ಅಲ್ಲಿಗೆ ನಮ್ಮ ಟಿವಿ ನಿಂತಿತು. ಚಿತ್ರ ಚೌಕ ಚೌಕವಾಗಿ ಒಡೆಯಿತು, ದನಿ ಹೋಯಿತು.

"ಹಿಡದ್ನೋ ಬಿಟ್ಟನೋ, ತಮ್ಮಾ?" ಅಪ್ಪ ಖುರ್ಚಿ ಬಿಟ್ಟು ಎದ್ದೇಬಿಟ್ಟಿದ್ದರು. ಆಚೆ ಓಣಿಯಲ್ಲಿ ಪಟಾಕಿ ಹೊಡೆದಾಗಲೇ ನಮಗೆ ಉತ್ತರ ತಿಳಿದದ್ದು.

ಅಪ್ಪನಿಗೆ ನಡುನಡುವೆ ಏಳಬೇಕಾಗುತ್ತದೆ. ಅವರು ಎದ್ದಾಗ ಮ್ಯಾಚ್ ತಡೆದು, ಬಂದ ಮೇಲೆ ಅಲ್ಲಿಂದಲೇ ಮುಂದುವರಿಸಲಿ ಎಂದೇ ಟೈಮ್‌ಶಿಫ್ಟ್ ಇರುವ ಫ್ರೀ ಡಿಶ್ (ದೂರದರ್ಶನದ ಉಚಿತ ಡಿಶ್ ಸೇವೆ) ಬಾಕ್ಸ್ ತಂದಿದ್ದೆ. ಹಾಗಾಗಿ ಈ ವಿಷಯ ನನಗೆ ಬಹಳ ಮುಖ್ಯ.

ಆ ರಾತ್ರಿ ಕೈಕೊಟ್ಟದ್ದು ಬಾಕ್ಸಿಗಿಂತ ಹೆಚ್ಚಾಗಿ ಅದಕ್ಕೆ ಚುಚ್ಚಿದ್ದ ಪೆನ್‌ಡ್ರೈವ್. ಟೈಮ್‌ಶಿಫ್ಟ್‌ನಲ್ಲಿ ಬಾಕ್ಸ್ ಒಂದು ಕಡೆ ಬರೆಯುತ್ತಲೇ ಇರಬೇಕು, ಇನ್ನೊಂದು ಕಡೆ ಹಳೆಯದನ್ನು ಓದುತ್ತಲೇ ಇರಬೇಕು. ಸೆಕೆಂಡಿಗೆ 8 ಮೆಗಾಬಿಟ್ ಬರುವ ಎಚ್‌ಡಿ ಚಾನೆಲ್ ಅಂದರೆ ತಾಸಿಗೆ 3.6 ಜಿಬಿ. ಜಾಗ ಸಾಲುತ್ತದೆ, ಆದರೆ ಅಗ್ಗದ ಪೆನ್‌ಡ್ರೈವ್ ಬಿಸಿಯಾಗಿ ಬರೆಯುವ ವೇಗ ಇಳಿಸಿಬಿಡುತ್ತದೆ. ಜೊತೆಗೆ ಪೆನ್‌ಡ್ರೈವ್ FAT32 ಎಂಬ ಹಳೆ ಬಗೆಯಲ್ಲಿ ಫಾರ್ಮ್ಯಾಟ್ ಆಗಿದ್ದರೆ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ, ಅಲ್ಲೂ ತೊಡಕು.

ಆಮೇಲೆ ಹಳೆ ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕ್ ಹಾಕಿದೆ. ಟಿಕ್, ಟಿಕ್ ಎಂದು ಸದ್ದು ಮಾಡಿ ಸುಮ್ಮನಾಯಿತು. ಯುಎಸ್‌ಬಿ 2.0 ಕೊಡುವುದು 500 ಮಿಲಿಆಂಪ್, ಡಿಸ್ಕ್ ತಿರುಗಲು ಶುರುವಾಗುವಾಗ ಅದಕ್ಕಿಂತ ಹೆಚ್ಚು ಬೇಕು. ಕೊನೆಗೆ 240 ಜಿಬಿಯ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದ ಡ್ರೈವ್ ಹಾಕಿದೆ. ಅಂದಿನಿಂದ ಒಂದು ಸಲವೂ ಚಿತ್ರ ನಿಂತಿಲ್ಲ.

ಗದಗಿನಲ್ಲಿ ಮಾವನ ಮನೆಯ ಟಿವಿಯಲ್ಲೇ ಟೈಮ್‌ಶಿಫ್ಟ್ ಇದೆ. ಅದು ಟಿವಿಯ ಸ್ವಂತ ಟ್ಯೂನರಿಗೆ (ಚಾನೆಲ್ ಹಿಡಿಯುವ ಭಾಗ) ಮಾತ್ರ. ಎಚ್‌ಡಿಎಂಐ ಮೂಲಕ ಬಾಕ್ಸ್ ಜೋಡಿಸಿದರೆ ಆ ಬಟನ್ ಏನೂ ಮಾಡುವುದಿಲ್ಲ. ಮೇಲಾಗಿ ಮೊದಲ ಸಲ ಡ್ರೈವ್ ಚುಚ್ಚಿದಾಗ ಅದನ್ನು ಫಾರ್ಮ್ಯಾಟ್ ಮಾಡಿಕೊಂಡಿತು, ಒಳಗಿದ್ದ ಫೋಟೊ ಎಲ್ಲ ಹೋದವು. ಮನಸ್ಸಿಗೆ ಬಹಳ ಬೇಜಾರಾಯಿತು.

ಅಕ್ಕನ ಮನೆ ಹುಬ್ಬಳ್ಳಿಯ ಕೇಶ್ವಾಪುರದಲ್ಲಿ. ಅಲ್ಲಿ ಡಿಟಿಎಚ್ ರೆಕಾರ್ಡರ್ ಇದೆ. ಒಳಗೇ ಹಾರ್ಡ್‌ಡಿಸ್ಕ್, ಎರಡು ಟ್ಯೂನರ್. ಅಕ್ಕ ಧಾರಾವಾಹಿ ನೋಡುತ್ತಿದ್ದರೂ ಮ್ಯಾಚ್ ರೆಕಾರ್ಡ್ ಆಗುತ್ತದೆ. ಕೆಲಸದಲ್ಲಿ ಇದೇ ಎಲ್ಲಕ್ಕಿಂತ ಮೇಲು, ಒಪ್ಪುತ್ತೇನೆ. ಆದರೆ ರೀಚಾರ್ಜ್ ಮುಗಿದ ದಿನ ಹಿಂದೆ ತುಂಬಿಸಿದ್ದೂ ತೆರೆಯಲಿಲ್ಲ. ನಮ್ಮ ಅಪ್ಪನಿಗೆ ಅದು ಸರಿಬರುವುದಿಲ್ಲ.

ಮೊಬೈಲ್ ಆ್ಯಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಂದಕ್ಕೆ ಸರಿಸಬಹುದು, ಆದರೆ ಲೈವೇ ಅರ್ಧ ನಿಮಿಷ ತಡ. ಓಣಿಯವರು ಕೂಗಿದ ಮೇಲೆ ನಮಗೆ ಸಿಕ್ಸರ್ ಕಾಣುತ್ತದೆ.

ಹೀಗಾಗಿ ನಮ್ಮ ಮನೆಗೆ ಫ್ರೀ ಡಿಶ್ ಬಾಕ್ಸ್, ಎಸ್‌ಎಸ್‌ಡಿ, ಇನ್ವರ್ಟರ್ ಈ ಮೂರೇ ಉಳಿದವು. ಇನ್ವರ್ಟರ್ ಯಾಕೆಂದರೆ, ನಡುವೆ ಕರೆಂಟ್ ಹೋದರೆ ಬಾಕ್ಸ್ ಫೈಲನ್ನು ಸರಿಯಾಗಿ ಮುಚ್ಚುವುದಿಲ್ಲ. ಎರಡು ತಾಸು ತುಂಬಿದ್ದೂ ಮತ್ತೆ ತೆರೆಯದೆ ಹೋದದ್ದುಂಟು. ಇನ್ನೊಂದು ತೊಂದರೆ ಅವ್ವ ಚಾನೆಲ್ ಬದಲಿಸಿದಾಗ: ತಡೆದಿಟ್ಟದ್ದೆಲ್ಲ ಅಳಿಸಿಹೋಗುತ್ತದೆ. ಅದಕ್ಕೆ ಈಗ ಬರೀ ಪಾಜ್ ಒತ್ತುವುದಿಲ್ಲ. ಟಾಸ್ ಆಗುವಾಗಲೇ ರೆಕಾರ್ಡ್ ಹಚ್ಚಿಬಿಡುತ್ತೇವೆ, ಅಪ್ಪ ಬಂದ ಮೇಲೆ ಆ ರೆಕಾರ್ಡಿಂಗ್‌ನಿಂದಲೇ ನೋಡುತ್ತಾರೆ.

ನೀವು ಕೊಳ್ಳುವುದಾದರೆ ಹುಬ್ಬಳ್ಳಿಯ ಕೊಪ್ಪಿಕರ್ ರೋಡಿನ ಅಂಗಡಿಗೆ ನಿಮ್ಮ ಡ್ರೈವನ್ನೂ ಒಯ್ಯಿರಿ. ಅಲ್ಲೇ ಎಚ್‌ಡಿ ಚಾನೆಲ್ ಹಚ್ಚಿ, 15 ನಿಮಿಷ ತಡೆದು, ಮತ್ತೆ ಓಡಿಸಿ, ಎರಡು ಸಲ ಹಿಂದಕ್ಕೆ ಸರಿಸಿ ನೋಡಿ. ಅಂಗಡಿಯವರು ಅವಸರ ಮಾಡಿದರೂ 15 ನಿಮಿಷ ಬಿಡಬೇಡಿ.