ಪಿಂಗ್ ಹೋಗುತ್ತೆ, ಆಪ್ ಹೋಗಲ್ಲ: ನಾನು ಮಾಡಿ ನೋಡಿದ ಮದ್ದುಗಳು

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮದೊಂದು ಚಿಕ್ಕ ಫೋಟೋ ಸ್ಟುಡಿಯೋ. ಒಳರೂಮಿನಲ್ಲಿ ನಾಸ್ ಇದೆ, ಅಂದರೆ ನೆಟ್‌ವರ್ಕ್ ಮೂಲಕ ಫೈಲ್ ಇಡುವ ಡಿಸ್ಕ್ ಪೆಟ್ಟಿಗೆ. ಮದುವೆ ಮುಗಿಸಿ ಬಂದ ರಾತ್ರಿಯೇ ಕಾರ್ಡುಗಳನ್ನೆಲ್ಲ ಅದಕ್ಕೆ ಇಳಿಸುವುದು ರೂಢಿ. ಮ್ಯಾಕ್ ಮಿನಿ ಕಂಪ್ಯೂಟರನ್ನು ಸಿಕೋಯಾ ಎಂಬ ಮ್ಯಾಕ್‌ಓಎಸ್ ಆವೃತ್ತಿಗೆ ಅಪ್‌ಡೇಟ್ ಮಾಡಿದ ಮಾರನೇ ದಿನ, ಶ್ರೀರಂಗಪಟ್ಟಣದ ಮದುವೆಯೊಂದರ ಫೋಟೋ ಇಳಿಸಲು ಕೂತರೆ ಬ್ಯಾಕಪ್ ಆಪ್ ‘ಸರ್ವರ್ ಸಿಗುತ್ತಿಲ್ಲ’ ಎಂದು ನಿಂತುಬಿಟ್ಟಿತು. ಲಾಗ್ ತೆಗೆದರೆ ‘ನೋ ರೂಟ್ ಟು ಹೋಸ್ಟ್’, ಅಂದರೆ ಆ ಯಂತ್ರಕ್ಕೆ ದಾರಿಯಿಲ್ಲ. ಇಂಟರ್ನೆಟ್ ಮಾತ್ರ ಸರಾಗವಾಗಿತ್ತು. ಒಬ್ಬರ ಮನೆಯ ಧಾರೆಯ ಫೋಟೋ ಒಂದೇ ಕಾರ್ಡಿನಲ್ಲಿ ಉಳಿದಿದೆ ಅಂದರೆ ನನಗೆ ನಿದ್ದೆ ಹತ್ತುವುದಿಲ್ಲ. ಆ ರಾತ್ರಿ ತಿಳಿದವರು ಹೇಳಿದ್ದನ್ನೆಲ್ಲ ಮಾಡಿದೆ.

ರೂಟರ್ ಆಫ್ ಮಾಡಿ ಆನ್ ಮಾಡಿದ್ದು ಮೊದಲು. ಏನೂ ಆಗಲಿಲ್ಲ. ಆಮೇಲೆ ಆಪ್ ತೆಗೆದು ಮತ್ತೆ ಹಾಕಿದೆ. ಮುಕ್ಕಾಲು ಗಂಟೆ ಹೋಯಿತು, ಸೆಟ್ಟಿಂಗ್‌ಗಳನ್ನೆಲ್ಲ ಮತ್ತೆ ತುಂಬಿದ್ದಾಯಿತು, ತೊಂದರೆ ಇದ್ದಲ್ಲೇ ಇತ್ತು. ಕಾರಣ ಈಗ ಗೊತ್ತು: ನಮ್ಮದೇ ನೆಟ್‌ವರ್ಕಿನ ಬೇರೆ ಯಂತ್ರಗಳನ್ನು ಆಪ್ ಮುಟ್ಟಬಹುದೇ ಎಂದು ಸಿಕೋಯಾ ನಮ್ಮನ್ನು ಕೇಳುತ್ತದೆ, ಅದೇ ‘ಲೋಕಲ್ ನೆಟ್‌ವರ್ಕ್’ ಅನುಮತಿ. ಅದಕ್ಕೆ ಒಮ್ಮೆ ‘ಬೇಡ’ ಅಂದ ಉತ್ತರವನ್ನು ನೆನಪಿಟ್ಟುಕೊಳ್ಳುವುದು ಆಪ್ ಅಲ್ಲ, ಸಿಸ್ಟಮ್. ಆಪ್ ಹೋದರೂ ಆ ಉತ್ತರ ಹೋಗುವುದಿಲ್ಲ, ಪ್ರಶ್ನೆಯೂ ಮತ್ತೆ ಬರುವುದಿಲ್ಲ.

ಎಲ್ಲರೂ ಹೇಳುವ ಮದ್ದು ಫೈರ್‌ವಾಲ್ ಆಫ್ ಮಾಡುವುದು. ಅದನ್ನೂ ಮಾಡಿದೆ, ಮಾಡಬಾರದಿತ್ತು. ಮ್ಯಾಕ್‌ನ ಸ್ವಂತ ಫೈರ್‌ವಾಲ್ ತಡೆಯುವುದು ಒಳಗೆ ಬರುವ ಸಂಪರ್ಕಗಳನ್ನು ಮಾತ್ರ. ನಮ್ಮ ಆಪ್ ಇಲ್ಲಿಂದ ನಾಸ್ ಕಡೆಗೆ ಹೊರಡುವಂಥದ್ದು. ಫೈರ್‌ವಾಲ್ ಆಫ್ ಮಾಡಿದರೆ ಯಂತ್ರ ಬಯಲಿಗೆ ಬೀಳುತ್ತದೆ, ನಾಸ್ ಅಂತೂ ಸಿಗುವುದಿಲ್ಲ.

ಹೆಚ್ಚು ದಾರಿ ತಪ್ಪಿಸಿದ್ದು ಪಿಂಗ್, ಅಂದರೆ ಇನ್ನೊಂದು ಯಂತ್ರ ಉತ್ತರ ಕೊಡುತ್ತದೆಯೇ ಎಂದು ನೋಡುವ ಕಮಾಂಡ್. ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ಆಪ್ ತೆರೆದು ನಾಸ್‌ನ ವಿಳಾಸ 192.168.1.20ಕ್ಕೆ ಪಿಂಗ್ ಹೊಡೆದೆ. ಒಂದೂ ಬಿಡದೆ ಉತ್ತರ ಬಂತು. ‘ಹಾಗಾದ್ರೆ ನೆಟ್‌ವರ್ಕ್ ಸರಿ ಇದೆ, ಆಪೇ ಕೆಟ್ಟಿದೆ’ ಅಂದುಕೊಂಡೆ. ನೆಟ್‌ವರ್ಕ್ ಸರಿ ಇದ್ದದ್ದು ನಿಜ, ಆಪ್ ಕೆಟ್ಟಿರಲಿಲ್ಲ. ಸಿಸ್ಟಮ್ ಜೊತೆಗೇ ಬರುವ ಟರ್ಮಿನಲ್‌ನಿಂದ ಓಡಿಸುವ ಕಮಾಂಡ್‌ಗಳಿಗೆ ಈ ಅನುಮತಿಯ ಕಟ್ಟುಪಾಡೇ ಇಲ್ಲ. ರೂಟ್ ಆಗಿ, ಅಂದರೆ ಸಿಸ್ಟಮ್‌ನ ಪೂರ್ಣ ಅಧಿಕಾರದಲ್ಲಿ ಓಡುವ ಪ್ರೋಗ್ರಾಮ್‌ಗಳಿಗೂ ಅಷ್ಟೇ. ಅವುಗಳಿಗೆ ದಾರಿ ಬಿಟ್ಟು, ನಾವು ಹಾಕಿಕೊಂಡ ಆಪ್‌ಗೆ ಬಾಗಿಲು ಹಾಕಿರುತ್ತದೆ. ಪಿಂಗ್ ಹೋಗಿ ಆಪ್ ಹೋಗದಿದ್ದರೆ ಅದೇ ಒಂದು ಗುರುತು. ನಾನು ಅದನ್ನು ತಿರುವುಮುರುವಾಗಿ ಓದಿದ್ದೆ.

ಇದಕ್ಕಿಂತ ಸುಲಭದ ಪರೀಕ್ಷೆ ಬ್ರೌಸರ್‌ನದು. ನಾಸ್‌ನ ಅಡ್ಮಿನ್ ಪುಟವನ್ನು ಸಿಸ್ಟಮ್ ಜೊತೆಗೇ ಬರುವ ಸಫಾರಿಯಲ್ಲಿ ತೆರೆದೆ, ಬಂತು. ಅದೇ ವಿಳಾಸವನ್ನು ನಾವು ಹಾಕಿಕೊಂಡ ಕ್ರೋಮ್‌ನಲ್ಲಿ ಹಾಕಿದೆ, ‘ಅಡ್ರೆಸ್ ಅನ್‌ರೀಚಬಲ್’. ಒಂದೇ ಯಂತ್ರ, ಒಂದೇ ವೈಫೈ, ಒಂದೇ ವಿಳಾಸ. ಸಮಸ್ಯೆ ತಂತಿಯಲ್ಲೂ ಇಲ್ಲ, ನಾಸ್‌ನಲ್ಲೂ ಇಲ್ಲ ಎಂದು ಮನವರಿಕೆಯಾದದ್ದು ಆಗ. ಕಮಾಂಡ್ ಗೊತ್ತಿಲ್ಲದವರೂ ಅರ್ಧ ನಿಮಿಷದಲ್ಲಿ ಮಾಡಬಹುದು. ಪಿಂಗ್ ಮತ್ತು ಇದರ ನಡುವೆ ಆರಿಸಿ ಅಂದರೆ ನಾನು ಯಾವಾಗಲೂ ಇದನ್ನೇ ಆರಿಸುತ್ತೇನೆ.

ನಮ್ಮ ಹುಡುಗನನ್ನು ಕೇಳಿದೆ. “ಅಣ್ಣಾ, ಬೆಳಿಗ್ಗೆ ಏನೋ ಬಾಕ್ಸ್ ಬಂತು, ಲೋಕಲ್ ನೆಟ್‌ವರ್ಕ್ ಅಂತಿತ್ತು. ಏನಕ್ಕೋ ಏನೋ ಅಂತ ಡೋಂಟ್ ಅಲೋ ಒತ್ಬಿಟ್ಟೆ.” ಅವನದು ತಪ್ಪೇನಿಲ್ಲ. ಗೊತ್ತಿಲ್ಲದ್ದಕ್ಕೆ ಬೇಡ ಅನ್ನು ಅಂತ ಹೇಳಿಕೊಟ್ಟವನೇ ನಾನು. ಐಫೋನ್‌ಗಳಲ್ಲಿ ಈ ಪ್ರಶ್ನೆ 2020ರಲ್ಲಿ ಐಓಎಸ್ 14ರ ಜೊತೆಗೆ ಬಂತು. ಮ್ಯಾಕ್‌ಗೆ ಬಂದದ್ದು 2024ರ ಸಿಕೋಯಾದಲ್ಲಿ. ಮನೆಯ ನೆಟ್‌ವರ್ಕಿನಲ್ಲಿ ಏನೇನು ಯಂತ್ರಗಳಿವೆ ಎಂದು ಆಪ್‌ಗಳು ಕದ್ದು ನೋಡದಿರಲಿ ಎನ್ನುವುದು ಉದ್ದೇಶ, ಅದು ಒಳ್ಳೆಯದೇ.

ಕೆಲಸ ಮಾಡಿದ ಮದ್ದು: ಸಿಸ್ಟಮ್ ಸೆಟ್ಟಿಂಗ್ಸ್, ಅಲ್ಲಿ ಪ್ರೈವೆಸಿ ಅಂಡ್ ಸೆಕ್ಯೂರಿಟಿ, ಅದರಲ್ಲಿ ಲೋಕಲ್ ನೆಟ್‌ವರ್ಕ್. ಆಪ್‌ನ ಹೆಸರಿನ ಮುಂದಿನ ಸ್ವಿಚ್ ಬೂದಿಬಣ್ಣಕ್ಕಿತ್ತು. ಆನ್ ಮಾಡಿ, ಆಪ್ ಪೂರ್ತಿ ಮುಚ್ಚಿ ತೆರೆದೆ. ನಾಸ್‌ನ ಹಸಿರು ದೀಪ ಮಿನುಗಲು ಶುರುವಾಯಿತು. ರಾತ್ರಿ ಒಂದೂವರೆ. ಕೆಲವು ವಾರದ ಮೇಲೆ ಸ್ವಿಚ್ ಆನ್ ಇದ್ದರೂ ಸಂಪರ್ಕ ಸಿಗದ ದಿನವೂ ಬಂತು. ಆಗ ಸ್ವಿಚ್ ಆಫ್ ಮಾಡಿ ಆನ್ ಮಾಡಿ, ಯಂತ್ರ ರೀಸ್ಟಾರ್ಟ್ ಮಾಡಿದ್ದಕ್ಕೆ ಸರಿಹೋಯಿತು. ರೀಸ್ಟಾರ್ಟ್ ಒಂದನ್ನೇ ಮಾಡಿದರೆ ಸಾಕಾ ಎಂದರೆ, ಆಫ್ ಆಗಿರುವ ಸ್ವಿಚ್ ರೀಸ್ಟಾರ್ಟ್‌ನಿಂದ ಆನ್ ಆಗುವುದಿಲ್ಲ.

ಕಮಾಂಡ್ ಟೈಪ್ ಮಾಡುವ ಮಂದಿ ಹೇಳುವ ಟಿಸಿಸಿ-ಯುಟಿಲ್ ಕಮಾಂಡ್ ಕ್ಯಾಮೆರಾ, ಮೈಕ್‌ಗಳ ಅನುಮತಿ ಅಳಿಸಲು ಒಳ್ಳೆಯದು, ಲೋಕಲ್ ನೆಟ್‌ವರ್ಕ್‌ಗೆ ನಡೆಯುವುದಿಲ್ಲ. ರಿಕವರಿಗೆ, ಅಂದರೆ ಮ್ಯಾಕ್‌ನ ರಿಪೇರಿ ಮೋಡ್‌ಗೆ ಹೋಗಿ ಸಿಸ್ಟಮ್‌ನ ಒಂದು ಫೈಲ್ ಅಳಿಸುವ ದಾರಿಯನ್ನೂ ಹೇಳುತ್ತಾರೆ. ದುಡಿಮೆಯ ಯಂತ್ರದ ಮೇಲೆ ನಾನು ಅದಕ್ಕೆ ಕೈಹಾಕಲಿಲ್ಲ, ನಿಮಗೂ ಹೇಳುವುದಿಲ್ಲ.

ಇನ್ನೊಂದು ಮಾತು. ನಾಸ್‌ನ ಫೋಲ್ಡರನ್ನು ಫೈಂಡರ್‌ನಲ್ಲಿ (ಮ್ಯಾಕ್‌ನಲ್ಲಿ ಫೈಲ್ ನೋಡುವ ಆಪ್) ತೆರೆದಿಟ್ಟು ಅದರೊಳಗೆ ಬರೆಯುವ ಆಪ್‌ಗಳಿಗೆ ಈ ಸ್ವಿಚ್ ಅಲ್ಲ. ಅವಕ್ಕೆ ‘ಫೈಲ್ಸ್ ಅಂಡ್ ಫೋಲ್ಡರ್ಸ್’ ಕೆಳಗಿನ ನೆಟ್‌ವರ್ಕ್ ವಾಲ್ಯೂಮ್ಸ್ ನೋಡಬೇಕು. ಆಪ್ ತಾನೇ ನಾಸ್‌ಗೆ ಕರೆ ಮಾಡುತ್ತದೋ, ಫೈಂಡರ್ ಕಟ್ಟಿಕೊಟ್ಟ ಫೋಲ್ಡರ್ ಬಳಸುತ್ತದೋ ಎಂದು ಮೊದಲು ತಿಳಿದುಕೊಂಡರೆ ಅರ್ಧ ಹುಡುಕಾಟ ಉಳಿಯುತ್ತದೆ.

ಆಲ್ಬಂ ಮಾಡುವ ವಿಂಡೋಸ್ ಯಂತ್ರದಲ್ಲಿ ಕಥೆಯೇ ಬೇರೆ. ಅಲ್ಲಿ ಹೊರಹೋಗುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಫೈರ್‌ವಾಲ್ ತಡೆಯುವುದು ಒಳಬರುವುದನ್ನು. ಮ್ಯಾಕ್‌ನಿಂದ ಅದರ ಶೇರ್ ಫೋಲ್ಡರ್ ಕಾಣದಿದ್ದಾಗ ನೋಡಿದರೆ ನಮ್ಮ ವೈಫೈ ‘ಪಬ್ಲಿಕ್’ ಎಂದು ಗುರುತಾಗಿತ್ತು. ‘ಪ್ರೈವೇಟ್’ ಮಾಡಿದ ಕೂಡಲೇ ಕಂಡಿತು. ಫೈರ್‌ವಾಲ್ ಬಾಕ್ಸ್‌ನಲ್ಲಿ ಹಿಂದೆಂದೋ ಕ್ಯಾನ್ಸಲ್ ಒತ್ತಿದ್ದರೆ ಆ ಪ್ರೋಗ್ರಾಮ್ ಹೆಸರಿಗೆ ತಡೆಯುವ ನಿಯಮ ಕೂತಿರುತ್ತದೆ. ಅನುಮತಿಯ ನಿಯಮವನ್ನು ಪಕ್ಕದಲ್ಲಿ ಸೇರಿಸಿದರೂ ತಡೆಯೇ ಗೆಲ್ಲುತ್ತದೆ, ಹಳೆಯದನ್ನು ಅಳಿಸಲೇಬೇಕು.