ಪ್ರೇಮಿಗಳ ನಡುವಿನ ಗೋಡೆಯನ್ನು ಕಟ್ಟಿದವರು ಯಾರು? ಐದು ಕಥೆಗಳನ್ನು ಎದುರುಬದುರು ಇಟ್ಟು ಓದಿದಾಗ

ಕಳೆದ ದೀಪಾವಳಿಗೆ ಮನೆಗೆ ಬಂದಿದ್ದ ಅಕ್ಕನ ಮಗಳು, ನನ್ನ ಕೈಯಲ್ಲಿ ಜೇನ್ ಆಸ್ಟಿನಳ 'ಪರ್ಸ್ಯುಯೇಷನ್' ಮತ್ತೆ ಕಾಣಿಸಿಕೊಂಡದ್ದನ್ನು ನೋಡಿ, "ಒಂದು ಕಾಗದ ಬರೆಯಲು ಎಂಟು ವರ್ಷ ತೆಗೆದುಕೊಳ್ಳುವ ಗಂಡಸಿನ ಕಥೆಯನ್ನು ಇನ್ನೆಷ್ಟು ಸಲ ಓದುತ್ತೀರಿ ಚಿಕ್ಕಮ್ಮ?" ಎಂದು ಕೇಳಿದಳು. ಅವಳ ಚೀಲದಲ್ಲಿ ಸಾರಾ ಜೆ. ಮಾಸ್ ಬರೆದ ದಪ್ಪ ದಪ್ಪ ಪುಸ್ತಕಗಳು ಎರಡಿದ್ದವು. ಮಂತ್ರ, ಶಾಪ, ಯುದ್ಧಗಳಿಲ್ಲದ ಪ್ರೇಮಕಥೆ ಉಪ್ಪಿಲ್ಲದ ಸಾರಿನಂತೆ ಎಂಬುದು ಅವಳ ವಾದವಾದರೆ, ಮಂತ್ರದ ನೆರವು ಬೇಕಾಗುವ ಪ್ರೇಮ ಪ್ರೇಮವೇ ಅಲ್ಲವೆಂಬುದು ಆಗ ನನ್ನ ವಾದವಾಗಿತ್ತು. ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದೆವು: ಅವಳು ಕೊಟ್ಟದ್ದನ್ನು ನಾನು, ನಾನು ಕೊಟ್ಟದ್ದನ್ನು ಅವಳು ಯುಗಾದಿಯೊಳಗೆ ಓದಿ ಮುಗಿಸಬೇಕು, ಓದದೆ ತೀರ್ಪು ಹೇಳಕೂಡದು.

ಆ ಐದು ತಿಂಗಳಲ್ಲಿ ನಾನು ಓದಿದ್ದು ಐದು ಕಥೆಗಳನ್ನು. ಪ್ರೇಮದ ಪಕ್ಷದಿಂದ 'ಪರ್ಸ್ಯುಯೇಷನ್' ಮತ್ತು ತ್ರಿವೇಣಿಯವರ 'ಬೆಳ್ಳಿ ಮೋಡ', ಮಾಯಾಲೋಕದ ಪಕ್ಷದಿಂದ ಮಾಸ್ ಅವರ 'ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್' (ಅದರ ಎರಡನೆಯ ಭಾಗವೂ ಸೇರಿ) ಮತ್ತು ಊರ್ಸುಲಾ ಲೆ ಗ್ವಿನ್ ಬರೆದ 'ತೆಹಾನು'. ಐದನೆಯದು ಈ ಎರಡೂ ಪಕ್ಷಗಳಿಗೆ ಅಜ್ಜಿಯಂತಿರುವ ನಾಗವರ್ಮನ 'ಕರ್ಣಾಟಕ ಕಾದಂಬರಿ'. ಒಂದನ್ನೊಂದು ಹೋಲಿಸಲು ನಾನು ಇಟ್ಟುಕೊಂಡ ಅಳತೆಗೋಲು ಒಂದೇ. ಪ್ರೇಮಿಗಳ ನಡುವೆ ಗೋಡೆಯೊಂದು ಇರದಿದ್ದರೆ ಕಥೆಯೇ ಇರುವುದಿಲ್ಲ. ಆ ಗೋಡೆಯನ್ನು ಕಟ್ಟಿದವರು ಯಾರು, ಕೆಡವಿದವರು ಯಾರು, ನಡುವಿನ ಕಾಯುವಿಕೆಯನ್ನು ಬರೆದವರು ಹೇಗೆ ತುಂಬಿಸಿದರು ಎಂಬುದಷ್ಟನ್ನೇ ನೋಡಿದೆ. ಭಾಷೆ, ಗಾತ್ರ, ಕಾಲಗಳಲ್ಲಿ ಇಷ್ಟು ದೂರವಿರುವ ಪುಸ್ತಕಗಳನ್ನು ಬೇರೆ ಯಾವ ತಕ್ಕಡಿಯಲ್ಲಿಟ್ಟರೂ ಅನ್ಯಾಯವಾಗುತ್ತಿತ್ತು.

ಮೊದಲು 'ಪರ್ಸ್ಯುಯೇಷನ್'. ಹತ್ತೊಂಬತ್ತರ ವಯಸ್ಸಿನಲ್ಲಿ ಆನ್ ಎಲಿಯಟ್, ಹಣವಿಲ್ಲದ ನೌಕಾಧಿಕಾರಿ ವೆಂಟ್‌ವರ್ತ್‌ನನ್ನು ಒಪ್ಪಿ, ತಾಯಿಯ ಸ್ಥಾನದಲ್ಲಿದ್ದ ಲೇಡಿ ರಸೆಲ್ ತಿಳಿಹೇಳಿದಳೆಂದು ಆ ಮಾತನ್ನು ಮುರಿಯುತ್ತಾಳೆ. ಕಥೆ ತೆರೆದುಕೊಳ್ಳುವಾಗ ಅವಳಿಗೆ ಇಪ್ಪತ್ತೇಳು, ಅವನು ಯುದ್ಧದಲ್ಲಿ ಹಣ ಗಳಿಸಿ ಮರಳಿದ್ದಾನೆ. ಮೇಲುನೋಟಕ್ಕೆ ಗೋಡೆ ಕಟ್ಟಿದವಳು ಲೇಡಿ ರಸೆಲ್. ಆದರೆ ಕೊನೆಯಲ್ಲಿ ವೆಂಟ್‌ವರ್ತ್ ತಾನಾಗಿಯೇ ಒಪ್ಪಿಕೊಳ್ಳುವ ಒಂದು ಸಂಗತಿಯಿದೆ: 1808ರಲ್ಲಿ, ಅಂದರೆ ಬೇರ್ಪಟ್ಟ ಎರಡೇ ವರ್ಷಕ್ಕೆ, ಕೈಯಲ್ಲಿ ಸ್ವಲ್ಪ ಹಣವೂ ಒಂದು ಹಡಗಿನ ಅಧಿಕಾರವೂ ಇದ್ದಾಗ ಅವಳಿಗೆ ಬರೆಯಬಹುದಿತ್ತು, ಬರೆದಿದ್ದರೆ ಅವಳು ಒಪ್ಪುತ್ತಲೂ ಇದ್ದಳು, ಬಿಗುಮಾನದಿಂದ ಬರೆಯಲಿಲ್ಲ. ಹಾಗೆ ನೋಡಿದರೆ ಎಂಟು ವರ್ಷಗಳಲ್ಲಿ ಎರಡು ಮಾತ್ರ ಅವಳ ಲೆಕ್ಕಕ್ಕೆ, ಉಳಿದ ಆರು ಅವನ ಲೆಕ್ಕಕ್ಕೆ ಸೇರುತ್ತವೆ. ಮೊದಲ ಸಲ ಓದಿದಾಗ ಈ ಲೆಕ್ಕ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಗೋಡೆ ಬೀಳುವ ಬಗೆಯನ್ನು ಆಸ್ಟಿನ್ ಎರಡು ಸಲ ಬರೆದಳೆಂಬುದು ಈ ಹೋಲಿಕೆಗೆ ಒದಗಿಬಂದ ಭಾಗ್ಯ. 1816ರ ಜುಲೈಯಲ್ಲಿ ಅವಳು ಬರೆದು ಮುಗಿಸಿದ ಕೊನೆಯ ಅಧ್ಯಾಯಗಳಲ್ಲಿ, ಆನ್ ಬೇರೊಬ್ಬನನ್ನು ಮದುವೆಯಾಗಲಿದ್ದಾಳೆಂಬ ಸುದ್ದಿ ನಂಬಿದ, ವೆಂಟ್‌ವರ್ತ್‌ನ ಭಾವ ಅಡ್ಮಿರಲ್ ಕ್ರಾಫ್ಟ್, ಅದು ನಿಜವೇ ಎಂದು ವಿಚಾರಿಸಲು ವೆಂಟ್‌ವರ್ತ್‌ನನ್ನೇ ಮುಂದೆ ಬಿಡುತ್ತಾನೆ. ಅವಳು ಇಲ್ಲವೆನ್ನುತ್ತಾಳೆ, ಎಲ್ಲ ಸರಿಹೋಗುತ್ತದೆ. ಮೂರನೆಯವನೊಬ್ಬ ಬಾಗಿಲು ತೆರೆದುಕೊಟ್ಟ ಈ ಮುಕ್ತಾಯ ಅವಳಿಗೇ ಹಿಡಿಸಲಿಲ್ಲ. ಕೆಲವೇ ವಾರಗಳಲ್ಲಿ ಅದನ್ನು ತೆಗೆದುಹಾಕಿ ಈಗ ನಾವು ಓದುವುದನ್ನು ಬರೆದಳು. ಹೊಸದರಲ್ಲಿ ಆನ್, ಹೆಂಗಸರ ನಿಷ್ಠೆ ಗಂಡಸರ ನಿಷ್ಠೆಗಳ ಬಗ್ಗೆ ಇನ್ನೊಬ್ಬನೊಡನೆ ವಾದಿಸುತ್ತಿದ್ದಾಳೆ. ಅದೇ ಕೋಣೆಯ ಇನ್ನೊಂದು ಮೇಜಿನಲ್ಲಿ ಬೇರೇನೋ ಬರೆಯುತ್ತ ಕುಳಿತ ವೆಂಟ್‌ವರ್ತ್ ಆ ಮಾತುಗಳನ್ನು ಕೇಳಿಸಿಕೊಂಡು, ಅಲ್ಲಿಯೇ ಇನ್ನೊಂದು ಹಾಳೆಯ ಮೇಲೆ ಅವಳಿಗೆ ಪತ್ರ ಬರೆಯುತ್ತಾನೆ. ಅವಳು ಬಾಯಿ ಬಿಟ್ಟಿದ್ದರಿಂದ ಅವನು ಬರೆದ. ಅವನು ಬರೆದದ್ದರಿಂದ ಗೋಡೆ ಬಿತ್ತು. ಕೈಬಿಟ್ಟ ಅಧ್ಯಾಯಗಳ ಹಸ್ತಪ್ರತಿ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿದೆ. ಇಂದಿನ ಹಲವು ಆವೃತ್ತಿಗಳ ಕೊನೆಯಲ್ಲಿ ಅದರ ಪಾಠವನ್ನು ಅಚ್ಚುಮಾಡಿರುತ್ತಾರೆ, ಎರಡನ್ನೂ ಒಂದೇ ಸಂಜೆ ಓದಿದರೆ ವ್ಯತ್ಯಾಸಕ್ಕೆ ವಿವರಣೆ ಬೇಕಾಗದು.

ಇದರ ಎದುರಿಗೆ 'ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್'. 2015ರಲ್ಲಿ ಬಂದ ಈ ಪುಸ್ತಕದ ನಾಯಕಿ ಫೇರಾಗೂ ಹತ್ತೊಂಬತ್ತೇ ವರ್ಷ; ಬಡತನದಲ್ಲಿ ಬೇಟೆಯಾಡಿ ಮನೆ ಸಾಕುವವಳು, ಕಾಡಿನಲ್ಲಿ ತೋಳವೊಂದನ್ನು ಕೊಂದು, ಅದು ತೋಳವಲ್ಲವೆಂದು ತಿಳಿದಾಗ ತಪ್ಪಿಗೆ ದಂಡವಾಗಿ, ನಮ್ಮ ಯಕ್ಷರನ್ನು ಹೋಲುವ ಒಂದು ಜನಾಂಗದ ನಾಡಿಗೆ ಹೋಗಿ ಇರಬೇಕಾಗುತ್ತದೆ. ಅಲ್ಲಿಯ ಒಡೆಯ ಟ್ಯಾಮ್ಲಿನ್ ಮತ್ತು ಅವಳ ನಡುವಿನ ಗೋಡೆ ಶಾಪದಿಂದ ಕಟ್ಟಿದ್ದು: ಮನುಷ್ಯ ಹೆಣ್ಣೊಬ್ಬಳು ಅವನನ್ನು ಪ್ರೀತಿಸುತ್ತೇನೆಂದು ಬಾಯಿಬಿಟ್ಟು ಹೇಳಿದರೆ ಮಾತ್ರ ಶಾಪವಿಮೋಚನೆ. ಪುಸ್ತಕವನ್ನು ಕೆಳಗಿಡಲು ಮನಸ್ಸಾಗಲಿಲ್ಲವೆಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಮೂರು ರಾತ್ರಿಗಳಲ್ಲಿ ಮುಗಿಯಿತು. ಓದುಬರಹ ಬಾರದ ಫೇರಾ, ಗೋಡೆಯ ಮೇಲೆ ಬರೆದ ಒಗಟನ್ನು ಓದಿ ಮೂರು ಹಿಡಿಕೆಗಳಲ್ಲಿ ಒಂದನ್ನು ಎಳೆಯಬೇಕಾಗಿ ಬರುವ ಪರೀಕ್ಷೆಯಲ್ಲಿ ನನ್ನ ಅಂಗೈಯೂ ಬೆವೆತಿತು. ಓದಲು ಬಾರದಿರುವುದನ್ನು ಪ್ರಾಣಾಪಾಯವಾಗಿಸಿದ ಆ ಒಂದು ದೃಶ್ಯಕ್ಕಾಗಿ ಲೇಖಕಿಗೆ ನನ್ನ ಗೌರವ ಸಲ್ಲುತ್ತದೆ.

ಆದರೆ ಎರಡನೆಯ ಓದಿನಲ್ಲಿ ಇದೇ ಪುಸ್ತಕ ಬೇಗ ಹಳಸಿತು. ಗೋಡೆಯನ್ನು ಹೊರಗಿನವಳಾದ ದುಷ್ಟ ರಾಣಿಯೊಬ್ಬಳು ಕಟ್ಟಿದ್ದಾಳೆ, ಆದ್ದರಿಂದ ಅವಳು ಸತ್ತರೆ ಬೀಳುತ್ತದೆ. ಪ್ರೇಮಿಗಳು ತಮ್ಮೊಳಗೆ ಯಾವುದನ್ನೂ ತಿದ್ದಿಕೊಳ್ಳಬೇಕಾಗಿಲ್ಲ. ಎರಡನೆಯ ಭಾಗದಲ್ಲಿ ಈ ದೋಷ ಲೇಖಕಿಗೂ ಕಂಡಿರಬೇಕು, ಏಕೆಂದರೆ ಶಾಪ ಕಳೆದ ಮೇಲೆ ಟ್ಯಾಮ್ಲಿನ್ ಅವಳನ್ನು ಕೂಡಿಹಾಕುವವನಾಗಿ ಬದಲಾಗುತ್ತಾನೆ, ಅವಳು ಅವನನ್ನು ಬಿಟ್ಟು ನಡೆಯುತ್ತಾಳೆ. ಅಷ್ಟು ಭಾಗ ನಿಜಕ್ಕೂ ಚೆನ್ನಾಗಿದೆ. ಆಮೇಲೆ ಐನೂರು ವರ್ಷ ದಾಟಿದ, ಇನ್ನೊಂದು ನಾಡಿನ ಒಡೆಯ ರೈಸಾಂಡ್‌ನೊಡನೆ ಅವಳಿಗೆ ವಿಧಿಯೇ ಬೆಸೆದ ಬಂಧವಿತ್ತೆಂದು ತಿಳಿಯುವಲ್ಲಿ ನನ್ನ ಉತ್ಸಾಹ ಇಳಿಯಿತು. ಆ ಬಂಧವನ್ನು ಒಪ್ಪಿಕೊಂಡ ಗುರುತಾಗಿ ಹೆಣ್ಣು ತನ್ನ ಕೈಯಾರೆ ಊಟ ಕೊಡಬೇಕೆಂಬ ಕಟ್ಟಳೆಯಿದ್ದು, ಫೇರಾ ಅವನಿಗೆ ಸೂಪು ಬಿಸಿಮಾಡಿ ಬಡಿಸುತ್ತಾಳೆ. ಆಯ್ಕೆ ಅವಳದೇ ಎಂದು ತೋರಿಸಲು ಲೇಖಕಿ ಪಟ್ಟಿರುವ ಶ್ರಮ ಇದು. ಜಾತಕ ಕೂಡಿಬಂದ ಮೇಲೆ ಹುಡುಗಿಯನ್ನು ಒಪ್ಪಿಗೆಯೇ ಎಂದು ಕೇಳುವ ಮನೆಗಳನ್ನು ಕಂಡಿರುವ ನನಗೆ ಈ ಏರ್ಪಾಡು ಹೊಸದೆನಿಸಲಿಲ್ಲ.

ಊಟ ಬಡಿಸುವ ಮಾತು ಬಂದದ್ದರಿಂದ 'ತೆಹಾನು'ವನ್ನು ಇಲ್ಲಿಯೇ ಎದುರಿಗಿಡುತ್ತೇನೆ. 1971ರ 'ದ ಟೂಂಬ್ಸ್ ಆಫ್ ಆಟುವಾನ್'ನಲ್ಲಿ ಗೋರಿಗಳ ಕತ್ತಲಿನಿಂದ ಒಟ್ಟಿಗೆ ಪಾರಾಗಿ ಬಂದ ಟೆನಾರ್ ಮತ್ತು ಮಂತ್ರವಾದಿ ಗೆಡ್ ಬೇರೆಬೇರೆ ದಾರಿ ಹಿಡಿಯುತ್ತಾರೆ. ಲೆ ಗ್ವಿನ್ ಅವರಿಬ್ಬರನ್ನು ಮತ್ತೆ ಕೂಡಿಸಿದ್ದು 1990ರಲ್ಲಿ, 'ತೆಹಾನು' ಬರೆದಾಗ. ಅಷ್ಟರಲ್ಲಿ ಟೆನಾರ್ ರೈತನೊಬ್ಬನನ್ನು ಮದುವೆಯಾಗಿ, ಮಕ್ಕಳನ್ನು ಬೆಳೆಸಿ, ವಿಧವೆಯಾಗಿ, ಬೆಂಕಿಯಲ್ಲಿ ಸುಟ್ಟ ಮಗುವೊಂದನ್ನು ಸಾಕುತ್ತಿದ್ದಾಳೆ. ಗೆಡ್ ತನ್ನ ಮಂತ್ರಶಕ್ತಿಯನ್ನೆಲ್ಲ ಕಳೆದುಕೊಂಡು ಡ್ರ್ಯಾಗನ್ ಒಂದರ ಬೆನ್ನ ಮೇಲೆ ಹೆಣದಂತೆ ಬಂದಿಳಿಯುತ್ತಾನೆ. ಆ ಲೋಕದ ಮಂತ್ರವಾದಿಗಳು ಬ್ರಹ್ಮಚಾರಿಗಳಾದ್ದರಿಂದ ಮಂತ್ರವೇ ಅವರ ನಡುವಿನ ಗೋಡೆಯಾಗಿತ್ತು. ಗೋಡೆಯೇನೋ ತಾನಾಗಿ ಬಿದ್ದಿತು. ಆದರೆ ಬಿದ್ದ ಕಲ್ಲುಗಳ ಕೆಳಗೆ ಗೆಡ್‌ನೇ ಸಿಕ್ಕಿಕೊಂಡಿದ್ದಾನೆ. ಅವನು ನಾಚಿಕೆಯಿಂದ ಅಡಗಿ ಕೂರುತ್ತಾನೆ, ಬೆಟ್ಟದಲ್ಲಿ ಮೇಕೆ ಕಾಯಲು ಹೋಗುತ್ತಾನೆ; ಅವನೊಬ್ಬ ಸಾಮಾನ್ಯ ಗಂಡಸಾಗುವ ತನಕ ಅವಳು ಅವಸರಿಸುವುದಿಲ್ಲ. ಶಕ್ತಿಯನ್ನು ಗಳಿಸಿ ಪ್ರೇಮಕ್ಕೆ ಅರ್ಹರಾಗುವ ಕಥೆಗಳು ಹೇರಳವಾಗಿರುವಾಗ, ಶಕ್ತಿ ಹೋದದ್ದರಿಂದಲೇ ಪ್ರೇಮಕ್ಕೆ ಎಡೆಯಾದ ಕಥೆ ನನಗೆ ಇದೊಂದೇ ಸಿಕ್ಕಿತು.

ಇದರಲ್ಲಿ ಟೆನಾರಳ ಮಗ ಸಮುದ್ರದಿಂದ ಮರಳಿ, ಉಂಡ ತಟ್ಟೆ ತೊಳೆಯುವುದು ಹೆಂಗಸರ ಕೆಲಸವೆಂದು ಎದ್ದುಹೋಗುವ ಒಂದು ಪ್ರಸಂಗವಿದೆ. ಮಹಾಮಂತ್ರವಾದಿಯಾಗಿದ್ದ ಗೆಡ್‌ಗೆ ಆ ಕೆಲಸದಲ್ಲಿ ಯಾವ ಸಂಕೋಚವೂ ಇಲ್ಲ. ಐನೂರು ವರ್ಷದ ರಾಜನಿಗೆ ಬಿಸಿಮಾಡಿಕೊಟ್ಟ ಸೂಪಿಗಿಂತ ಈ ತೊಳೆದ ತಟ್ಟೆಗಳು ನನ್ನನ್ನು ಹೆಚ್ಚು ಒಲಿಸಿಕೊಂಡವು. ಕುಂದೂ ಇದೆ: ಮೊದಲ ನೂರು ಪುಟಗಳು ನಿಧಾನ, ಕೊನೆಯ ಇಪ್ಪತ್ತು ಪುಟಗಳು ಧಾವಂತ, ಕೇಡಿಗನಂತೂ ಕಾಗದದ ಗೊಂಬೆ.

'ಬೆಳ್ಳಿ ಮೋಡ'ದ ಬಗ್ಗೆ ನಾನು ನಿಷ್ಪಕ್ಷಪಾತವಾಗಿ ಬರೆಯಲಾರೆ. 1967ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದ್ದು, ನಾನು ಪುಸ್ತಕಕ್ಕಿಂತ ಮೊದಲು ಸಿನಿಮಾ ಕಂಡವಳಾದ್ದರಿಂದ, ಇಂದಿರಾ ಎಂಬ ಹೆಸರು ಓದಿದೊಡನೆ ಕಲ್ಪನಾ ಮುಖವೇ ಎದುರಿಗೆ ಬರುತ್ತದೆ. ಒಬ್ಬಳೇ ಮಗಳು, ತೋಟವೆಲ್ಲ ಅವಳಿಗೇ ಎಂದುಕೊಂಡು ಮದುವೆಗೆ ಒಪ್ಪಿ, ಅವಳ ತಂದೆಯ ಹಣದಲ್ಲಿ ವಿದೇಶಕ್ಕೆ ಓದಲು ಹೋದ ಮೋಹನ, ಆ ಮನೆಯಲ್ಲಿ ತಡವಾಗಿ ಗಂಡುಮಗು ಹುಟ್ಟಿತೆಂದು ತಿಳಿದ ಮೇಲೆ ಹಿಂದೆಗೆಯುತ್ತಾನೆ. ಮುಂದೆ ಅವಳ ಆರೈಕೆಯಲ್ಲಿ ಗುಣಹೊಂದಿ, ಪಶ್ಚಾತ್ತಾಪಪಟ್ಟು ಕೇಳಿಕೊಂಡಾಗ ಅವಳು ಒಲ್ಲೆನೆನ್ನುತ್ತಾಳೆ. ಉಳಿದ ನಾಲ್ಕೂ ಕಥೆಗಳಲ್ಲಿ ಗೋಡೆ ಬಿದ್ದರೆ ಕಥೆ ಮುಗಿಯುತ್ತದೆ. ಇಲ್ಲಿ ಅವನು ಕಟ್ಟಿದ ಗೋಡೆ ಬಿದ್ದ ಜಾಗದಲ್ಲಿಯೇ ಅವಳು ತನ್ನದೊಂದನ್ನು ಕಟ್ಟಿದಾಗ ಕಥೆ ಮುಗಿಯುತ್ತದೆ. ಮೋಹನನ ಪಾತ್ರ ತೆಳುವಾಯಿತೆಂಬ ಆಕ್ಷೇಪ ನನಗಿದೆ. ವೆಂಟ್‌ವರ್ತ್‌ನ ಬಿಗುಮಾನಕ್ಕೆ ಇರುವ ಆಳ ಇವನ ಲೋಭಕ್ಕೆ ಇಲ್ಲ. ಇಂದಿರೆಯ ನಿರಾಕರಣೆ ಮಾತ್ರ ಇಂದಿಗೂ ಮಾಸಿಲ್ಲ.

ಕೊನೆಗೆ ಉಳಿಯಿತು, ನಾನು ಸೋಲುವುದೆಂದು ಮೊದಲೇ ಬಗೆದಿದ್ದ ಪುಸ್ತಕ. ಏಳನೆಯ ಶತಮಾನದಲ್ಲಿ ಬಾಣ ಬರೆಯತೊಡಗಿ, ಅವನು ಅರ್ಧಕ್ಕೇ ತೀರಿಕೊಂಡದ್ದರಿಂದ ಮಗ ಮುಗಿಸಿದ ಸಂಸ್ಕೃತ ಗದ್ಯಕಾವ್ಯವನ್ನು ನಾಗವರ್ಮ ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಕನ್ನಡದಲ್ಲಿ ಚಂಪುವಾಗಿ ಮಾಡಿದ. ನಾವು ಇಂದು ಇಂಥ ಬರಹಗಳಿಗೆಲ್ಲ 'ಕಾದಂಬರಿ' ಎನ್ನುವುದು ಆ ಕಥೆಯ ನಾಯಕಿಯ ಹೆಸರಿನಿಂದಲೇ; ಪ್ರೇಮವೋ ಮಾಯೆಯೋ ಎಂದು ನಾವಿಬ್ಬರು ಜಗಳವಾಡುತ್ತಿದ್ದ ಪ್ರಕಾರದ ಹೆಸರೇ, ಎರಡೂ ಬೆರೆತ ಕಥೆಯಿಂದ ಬಂದದ್ದು. ಗಿಳಿ ಕಥೆ ಹೇಳುತ್ತದೆ, ಕಥೆಯೊಳಗೆ ಋಷಿ ಕಥೆ ಹೇಳುತ್ತಾನೆ, ಜನ್ಮಗಳು ಅದಲುಬದಲಾಗುತ್ತವೆ. ಹಳಗನ್ನಡ ನನಗೆ ಸರಾಗವಲ್ಲ. ಗದ್ಯಾನುವಾದವನ್ನು ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ನಾಲ್ಕೈದು ಪದ್ಯಗಳಂತೆ ನಡೆದೆ, ಬೇರೆ ನಾಲ್ಕಕ್ಕೆ ಹಿಡಿದ ಒಟ್ಟು ಸಮಯ ಇದೊಂದಕ್ಕೇ ಹಿಡಿಯಿತು.

ಇಲ್ಲಿಯ ಗೋಡೆಗಳೆಲ್ಲ ಶಾಪದವೇ ಆಗಿರುತ್ತವೆಂದು ನಾನು ಎಣಿಸಿದ್ದೆ. ಮಹಾಶ್ವೇತೆಯ ಪ್ರಸಂಗ ಆ ಎಣಿಕೆಯನ್ನು ತಲೆಕೆಳಗು ಮಾಡಿತು. ಅವಳು ಬಂದು ಸೇರುವಷ್ಟರಲ್ಲಿ ಅವಳ ಪ್ರೇಮಿ ಪುಂಡರೀಕ ವಿರಹದಿಂದ ಸತ್ತಿರುತ್ತಾನೆ. ಮತ್ತೆ ಸೇರುವಿರೆಂಬ ದಿವ್ಯವಾಣಿಯನ್ನು ನಂಬಿ ಅವಳು ಅಚ್ಛೋದ ಸರೋವರದ ದಡದಲ್ಲಿ ತಪಸ್ಸಿಗೆ ಕೂರುತ್ತಾಳೆ. ಬಹುಕಾಲದ ಮೇಲೆ ವೈಶಂಪಾಯನನೆಂಬ ಯುವಕ ಅಲ್ಲಿಗೆ ಬಂದು, ಯಾವುದೋ ಮರೆತ ನೆನಪಿನ ಸೆಳೆತಕ್ಕೆ ಸಿಕ್ಕವನಂತೆ ಅವಳನ್ನು ಕಾಡಿ ಬೇಡುತ್ತಾನೆ. ಪುಂಡರೀಕನ ಮೇಲಿನ ನಿಷ್ಠೆಯಿಂದ ಕೆರಳಿದ ಅವಳು ಅವನಿಗೆ ಗಿಳಿಯಾಗೆಂದು ಶಾಪ ಕೊಡುತ್ತಾಳೆ. ಅವನು ಮರುಜನ್ಮ ತಳೆದ ಪುಂಡರೀಕನೇ ಎಂಬುದು ಓದುಗರಿಗೂ ಅವಳಿಗೂ ಆಮೇಲೆ ತಿಳಿಯುತ್ತದೆ. ಕಾಯುತ್ತಿದ್ದವನೇ ಎದುರಿಗೆ ಬಂದು ನಿಂತಾಗ, ಅವನಿಗಾಗಿ ಕಾಯುತ್ತಿದ್ದ ಕಾರಣದಿಂದಲೇ ಅವನನ್ನು ದೂರ ತಳ್ಳಿದಳು. ಮಂತ್ರವಿಲ್ಲದ ಕಥೆಯಲ್ಲಿ ಇದನ್ನು ಕಟ್ಟಲು ಸಾಧ್ಯವೇ ಇಲ್ಲ. ಜನ್ಮಾಂತರವೆಂಬ ಮಾಯೆ ಇಲ್ಲಿ ಪ್ರೇಮಿಗಳ ಹೊಣೆಯನ್ನು ಹಗುರ ಮಾಡುವ ಬದಲು ಇಮ್ಮಡಿಸಿದೆ. ದೀಪಾವಳಿಯಂದು ನಾನು ಮಂಡಿಸಿದ್ದ ವಾದವನ್ನು ಈ ಪುಟದಲ್ಲಿ ಹಿಂದೆಗೆದುಕೊಂಡೆ. ಕಥೆಯ ಉಳಿದ ಭಾಗ ಈ ಎತ್ತರದಲ್ಲಿಲ್ಲವೆಂಬುದೂ ನಿಜ: ತನ್ನ ಪ್ರಿಯನಾದ ಚಂದ್ರಾಪೀಡನ ಕೆಡದ ದೇಹವನ್ನು ಕಾಯುತ್ತ ಕೂರುವ ಕಾದಂಬರಿಗೆ ಕಾಯುವುದೊಂದನ್ನು ಬಿಟ್ಟರೆ ಬೇರೆ ಕೆಲಸವಿಲ್ಲ, ವರ್ಣನೆಗಳು ಕೆಲವೆಡೆ ಕಥೆಯನ್ನೇ ನುಂಗುತ್ತವೆ.

ಹೀಗೆ ನನ್ನ ಪಟ್ಟಿಯಲ್ಲಿ 'ಪರ್ಸ್ಯುಯೇಷನ್' ಮೊದಲಿನಂತೆಯೇ ಮೇಲಿದೆ, ಅದರ ಕೂದಲೆಳೆಯಷ್ಟು ಕೆಳಗೆ 'ತೆಹಾನು' ಇದೆ; ಬಿಡಿ ಪ್ರಸಂಗಕ್ಕೆ ಅಂಕ ಕೊಡುವುದಾದರೆ ಮಹಾಶ್ವೇತೆ ಎಲ್ಲರನ್ನೂ ಮೀರಿಸುತ್ತಾಳೆ. ರಾತ್ರಿ ನಿದ್ದೆ ಕೆಡಿಸಿ ಓದಿಸುವ ಪುಸ್ತಕ ಬೇಕೆನ್ನುವವರಿಗೆ ಮಾಸ್ ಅವರ ಮೊದಲ ಭಾಗವನ್ನು ಸಂಕೋಚವಿಲ್ಲದೆ ಕೊಡುತ್ತೇನೆ, ಎರಡನೆಯ ಸಲ ಓದಬೇಡಿರೆಂಬ ಸೂಚನೆಯೊಂದಿಗೆ.

ಯುಗಾದಿಗೆ ಬಂದ ಅಕ್ಕನ ಮಗಳು 'ತೆಹಾನು'ವನ್ನು ಅರವತ್ತನೆಯ ಪುಟದಲ್ಲಿ ನಿಲ್ಲಿಸಿದ್ದಳು, ಮೇಕೆಗಳು ಹೆಚ್ಚಾದವೆಂದು ದೂರಿದಳು. 'ಬೆಳ್ಳಿ ಮೋಡ'ವನ್ನು ಮಾತ್ರ ಒಂದೇ ದಿನದಲ್ಲಿ ಓದಿದ್ದಳು. ಹೋಳಿಗೆ ತಟ್ಟುತ್ತಿದ್ದ ನನ್ನ ಪಕ್ಕದಲ್ಲಿ ನಿಂತು, ಆರು ವರ್ಷ ಬಿಗುಮಾನದಿಂದ ಬರೆಯದೆ ಕೂತ ವೆಂಟ್‌ವರ್ತ್‌ಗೂ ಇಂದಿರೆ ಕೊಟ್ಟ ಉತ್ತರವನ್ನೇ ಕೊಡಬೇಕಿತ್ತು, ಆನ್ ಏಕೆ ಕೊಡಲಿಲ್ಲ ಎಂದು ಕೇಳಿದಳು. ಲೋಭ ಬೇರೆ, ಬಿಗುಮಾನ ಬೇರೆ ಎಂದೆ. ಕಾದವಳಿಗೆ ಎರಡೂ ಒಂದೇ ಅಲ್ಲವೇ ಎಂದಳು. ಹಬ್ಬ ಕಳೆದು ಅವಳು ಹೊರಟುಹೋದ ಮೇಲೆ 1808ರ ಮಾತು ಬರುವ ಆ ಪುಟವನ್ನು ಮತ್ತೆರಡು ಸಲ ಓದಿದ್ದೇನೆ; ಅವಳಿಗೆ ಕೊಡಬೇಕಾದ ಉತ್ತರ ಇನ್ನೂ ಸಿಕ್ಕಿಲ್ಲ.