ಪಾಸ್‌ಪೋರ್ಟ್‌ಗೆ ಅಂತ ಏಜೆಂಟ್ ಹತ್ತಿರ ಮಗುವಿನ ಡಿಎನ್‌ಎ ಟೆಸ್ಟ್ ಮಾಡಿಸಬೇಡಿ

ಮಗುವಿನ ಅಮೆರಿಕ ಪಾಸ್‌ಪೋರ್ಟ್‌ಗೆ ಡಿಎನ್‌ಎ ಟೆಸ್ಟ್ ಮಾಡಿಸಿಕೊಡ್ತೀವಿ ಅಂತ ಯಾರಾದರೂ ನಿಮ್ಮ ಹತ್ತಿರ ಬಂದರೆ, ಮುಂಗಡ ಕೊಡುವ ಮುಂಚೆ ದಯವಿಟ್ಟು ಇದನ್ನು ಓದಿ. ನನ್ನ ತಂಗಿ ಮನೆಯಲ್ಲಿ ನಡೆದದ್ದು ಇನ್ನೊಬ್ಬರ ಮನೆಯಲ್ಲಿ ನಡೆಯಬಾರದು ಅಂತ ಬರೆಯುತ್ತಿದ್ದೇನೆ. ತಂಗಿಯನ್ನು ಕೇಳಿಯೇ ಬರೆಯುತ್ತಿದ್ದೇನೆ.

ತಂಗಿ ಗಂಡ ಹಾಸನದ ಕಡೆಯವರು. ಓದೋಕೆ ಅಂತ ಹೋದವರು ನ್ಯೂಜೆರ್ಸಿಯಲ್ಲೇ ನೆಲೆಸಿ, ಅಮೆರಿಕದ ಪ್ರಜೆ ಆದವರು. ಮದುವೆ ಆದ ಮೇಲೆ ತಂಗಿಯ ವೀಸಾ ಬರುವುದು ತಡವಾಯಿತು. ಅವರು ರಜೆ ಸಿಕ್ಕಾಗ ಬಂದು ಹೋಗುತ್ತಿದ್ದರು. ಹೆರಿಗೆ ತವರಿನಲ್ಲೇ ಆಯಿತು. ಮಗು 32 ವಾರಕ್ಕೇ ಹುಟ್ಟಿತು. ಕೆಲವು ವಾರ ಎನ್‌ಐಸಿಯುನಲ್ಲಿ ಇಟ್ಟುಕೊಂಡು ಡಾಕ್ಟರುಗಳು ಕೈಗೆ ಕೊಟ್ಟರು. ಈಗ ದೇವರ ದಯೆಯಿಂದ ಚೆನ್ನಾಗಿದ್ದಾಳೆ.

ತಂದೆ ಅಥವಾ ತಾಯಿ ಅಮೆರಿಕದ ಪ್ರಜೆ ಆಗಿದ್ದು, ಮಗು ಬೇರೆ ದೇಶದಲ್ಲಿ ಹುಟ್ಟಿದರೆ, ಮೊದಲು ಅಮೆರಿಕದ ಕಾನ್ಸುಲೇಟ್‌ನಲ್ಲಿ, ಅಂದರೆ ಆ ದೇಶದಲ್ಲಿರುವ ಅಮೆರಿಕದ ಸರ್ಕಾರಿ ಕಚೇರಿಯಲ್ಲಿ, ಆ ಹುಟ್ಟನ್ನು ದಾಖಲು ಮಾಡಿಸಬೇಕು. ಅದಕ್ಕೆ ಕಾನ್ಸುಲರ್ ರಿಪೋರ್ಟ್ ಆಫ್ ಬರ್ತ್ ಅಬ್ರಾಡ್ ಅಂತಾರೆ, ಚಿಕ್ಕದಾಗಿ ಸಿಆರ್‌ಬಿಎ. ಜೊತೆಗೇ ಪಾಸ್‌ಪೋರ್ಟ್‌ಗೂ ಅರ್ಜಿ ಹಾಕಬಹುದು. ನಾವು ಹೋಗಬೇಕಿದ್ದದ್ದು ಚೆನ್ನೈಗೆ. ಆ ಅರ್ಜಿ ತುಂಬಲು ಸಹಾಯ ಬೇಕು ಅಂತ ಬೆಂಗಳೂರಿನ ಒಬ್ಬ ಏಜೆಂಟ್ ಹತ್ತಿರ ತಂಗಿಯ ಮಾವನವರು ಮಾತಾಡಿದ್ದರು. ಹೆಸರು ಬರೆಯುವುದಿಲ್ಲ. ಇಂಥವರು ಒಬ್ಬಿಬ್ಬರಲ್ಲ.

ಆತ ಕಾಗದ ಎಲ್ಲ ತಿರುವಿ ಹಾಕಿ, ಮಗು ಹುಟ್ಟಿದ ತಾರೀಖಿನಿಂದ ಬೆರಳು ಮಡಚಿ ಹಿಂದಕ್ಕೆ ಎಣಿಸಿದ. 'ಒಂಬತ್ತು ತಿಂಗಳ ಹಿಂದೆ ಸರ್ ಇಂಡಿಯಾದಲ್ಲೇ ಇರಲಿಲ್ವಲ್ಲ ಮೇಡಂ? ಪಾಸ್‌ಪೋರ್ಟ್‌ನಲ್ಲಿ ಸ್ಟಾಂಪ್ ನೋಡಿದರೆ ಅವರು ಬಂದಿದ್ದೇ ಆಮೇಲೆ. ಇದು ನೂರಕ್ಕೆ ನೂರು ರಿಜೆಕ್ಟ್ ಆಗತ್ತೆ' ಅಂದ. ಹಸಿ ಬಾಣಂತಿ ಎದುರಿಗೆ ಕೂತಿದ್ದಾಳೆ, ಪಕ್ಕದಲ್ಲಿ ಅವಳ ಮಾವ. ಆ ಮಾತು ಹೇಗೆ ಕೇಳಿಸಿರಬೇಕು, ಯೋಚನೆ ಮಾಡಿ. ಮಗು ಎರಡು ತಿಂಗಳು ಮುಂಚೆ ಹುಟ್ಟಿದೆ ಅಂತ ನಾನೇ ಬಿಡಿಸಿ ಹೇಳಿದೆ. 'ಅದೆಲ್ಲ ಅಲ್ಲಿ ನಡೆಯಲ್ಲ ಮೇಡಂ, ಆಸ್ಪತ್ರೆ ಕಾಗದ ಯಾರೂ ನೋಡಲ್ಲ. ಡಿಎನ್‌ಎ ಒಂದಿದ್ದರೆ ಬಾಯಿ ಮುಚ್ಚಿಕೊಂಡು ಕೊಡ್ತಾರೆ' ಅಂದ.

ಈ ಮಾತು ಶುದ್ಧ ಸುಳ್ಳು. ದಿನ ತುಂಬುವ ಮುಂಚೆ ಹುಟ್ಟಿದ ಮಗುವಿಗೆ ಬೇಕಾದ ಆಧಾರ ಆಸ್ಪತ್ರೆ ಫೈಲಿನಲ್ಲೇ ಇರುತ್ತದೆ. ಮೊದಲ ಸ್ಕ್ಯಾನ್ ರಿಪೋರ್ಟಿನಲ್ಲಿ ಎಷ್ಟು ವಾರದ ಗರ್ಭ ಅಂತ ಬರೆದಿರುತ್ತಾರೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಎಷ್ಟು ವಾರಕ್ಕೆ ಹೆರಿಗೆ, ಮಗುವಿನ ತೂಕ ಎಷ್ಟು ಅಂತ ಇರುತ್ತದೆ. ತಾಯಿ ಕಾರ್ಡ್ ಇರುತ್ತದೆ. ಇವನ್ನು ತಂದೆಯ ಪಾಸ್‌ಪೋರ್ಟಿನ ಸ್ಟಾಂಪ್ ಪಕ್ಕ ಇಟ್ಟರೆ ಲೆಕ್ಕ ತಾನಾಗೇ ಸರಿಹೋಗುತ್ತದೆ. ಆತ ನಮ್ಮ ಕೈಯಿಂದ ಮನೆಯಲ್ಲೇ ಬಿಡಿಸಿದ್ದು ಇದೇ ಫೈಲನ್ನು!

ಟೆಸ್ಟ್ ಹೇಗೆ ನಡೆಯಿತು ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಏಜೆಂಟ್ ಆಫೀಸಿನ ಟೇಬಲ್ ಮೇಲೆ ಒಬ್ಬ ಹುಡುಗ ಎರಡು ಉದ್ದದ ಹತ್ತಿ ಕಡ್ಡಿ ತೆಗೆದ. ಮಗುವಿನ ಕೆನ್ನೆ ಒಳಗೆ ಉಜ್ಜಿದ. ಹಾಲು ಕುಡಿದು ಎಷ್ಟು ಹೊತ್ತಾಯಿತು ಅಂತ ಕೇಳಲೂ ಇಲ್ಲ. ಹಾಲು ಕುಡಿದ ತಕ್ಷಣ ತೆಗೆದರೆ ತಾಯಿಯ ಜೀವಕೋಶಗಳೂ ಮಗುವಿನ ಬಾಯಲ್ಲಿ ಇರಬಹುದು, ಅದಕ್ಕೇ ಸ್ವಲ್ಪ ಹೊತ್ತು ಬಿಡಬೇಕು. ಕವರ್ ಮೇಲೆ ಬಾಲ್‌ಪೆನ್ನಿನಲ್ಲಿ 'ಬೇಬಿ' ಅಂತ ಬರೆದು ಅಂಟಿಸಿದ. ನಮ್ಮಲ್ಲಿ ಒಬ್ಬರ ಗುರುತಿನ ಚೀಟಿಯನ್ನೂ ನೋಡಲಿಲ್ಲ, ಫೋಟೋ ತೆಗೆಯಲಿಲ್ಲ, ಯಾರ ಸಹಿಯೂ ಇಲ್ಲ. ತಂದೆಯ ಸ್ವಾಬ್ ಅಮೆರಿಕದಿಂದ ಬರುವ ಪರಿಚಯದವರ ಕೈಲಿ ಕಳಿಸಿ, ಜಿಪ್ ಕವರ್‌ನಲ್ಲಿ ಹಾಕಿದರೆ ಸಾಕು ಅಂದ. ಇದಕ್ಕೆ ನಲವತ್ತು ಸಾವಿರದ ಮೇಲೆ ತೆಗೆದುಕೊಂಡ.

ರಿಪೋರ್ಟ್ ಬಂತು. ಇವರೇ ತಂದೆ ಅನ್ನುವ ಸಂಭವ 99.99 ಪರ್ಸೆಂಟ್. ಕೆಳಗೆ ಎನ್‌ಎಬಿಎಲ್ ಮುದ್ರೆ, ಅಂದರೆ ಭಾರತದ ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಮಂಡಳಿಯದ್ದು. ಅದನ್ನೇ ತೋರಿಸಿ 'ಎಂಬಸಿ ಅಪ್ರೂವ್ಡ್ ಲ್ಯಾಬ್' ಅಂದ. ಎನ್‌ಎಬಿಎಲ್ ಮಾನ್ಯತೆಗೆ ನಮ್ಮ ದೇಶದಲ್ಲಿ ಬೆಲೆ ಇದೆ, ಆ ಮಾತು ಬೇರೆ. ಆದರೆ ಅಮೆರಿಕ ಪೌರತ್ವದ ವಿಷಯದಲ್ಲಿ ಅವರು ಒಪ್ಪುವುದು ಎಎಬಿಬಿ ಅನ್ನುವ ಸಂಸ್ಥೆಯ ಮಾನ್ಯತೆ ಇರುವ ಲ್ಯಾಬ್ ಮಾತ್ರ. ಎಎಬಿಬಿ ಅಂದರೆ ಮೊದಲು ಅಮೆರಿಕನ್ ಅಸೋಸಿಯೇಷನ್ ಆಫ್ ಬ್ಲಡ್ ಬ್ಯಾಂಕ್ಸ್ ಅಂತ ಇದ್ದ ಸಂಸ್ಥೆ. ಮಾನ್ಯತೆ ಇರುವ ಲ್ಯಾಬ್‌ಗಳ ಪಟ್ಟಿ ಅವರ ವೆಬ್‌ಸೈಟಿನಲ್ಲೇ ಇದೆ. ಯಾರು ಬೇಕಾದರೂ ನೋಡಬಹುದು.

ಚೆನ್ನೈನಲ್ಲಿ ಕೌಂಟರ್ ಆಚೆ ಇದ್ದ ಅಧಿಕಾರಿ ಆ ರಿಪೋರ್ಟನ್ನು ಪೂರ್ತಿ ಓದಲೂ ಇಲ್ಲ, ಪಕ್ಕಕ್ಕೆ ಇಟ್ಟರು. ಬೈಯಲಿಲ್ಲ, ಸಮಾಧಾನವಾಗೇ ಮಾತಾಡಿದರು. ಗರ್ಭಿಣಿ ಆಗಿದ್ದಾಗಿನ ಕಾಗದಗಳು ಇವೆಯಾ ಅಂತ ಕೇಳಿದರು. ಅವು ಹಾಸನದ ಬೀರುವಿನಲ್ಲಿದ್ದವು. ಆಮೇಲೆ ಒಂದು ಪತ್ರ ಕೊಟ್ಟರು. ಆಸ್ಪತ್ರೆ ದಾಖಲೆ ತನ್ನಿ, ಇಷ್ಟವಿದ್ದರೆ ಡಿಎನ್‌ಎ ಟೆಸ್ಟೂ ಮಾಡಿಸಬಹುದು, ಅದು ಕಡ್ಡಾಯ ಅಲ್ಲ, ಮಾಡಿಸಿದರೆ ಈ ರೀತಿಯಲ್ಲೇ ಮಾಡಿಸಬೇಕು ಅಂತ ಅದರಲ್ಲಿತ್ತು. ತಂಗಿ ಗಂಡ ಎರಡೂ ಆಗಿಬಿಡಲಿ ಅಂದರು.

ಆ ರೀತಿ ಏನು ಅಂತ ಗೊತ್ತಿದ್ದರೆ ಯಾವ ಏಜೆಂಟೂ ನಿಮ್ಮನ್ನು ಯಾಮಾರಿಸಲು ಆಗುವುದಿಲ್ಲ. ಕಾನ್ಸುಲೇಟ್ ಸೂಚಿಸಿದ ಮೇಲೆಯೇ ಟೆಸ್ಟ್ ಶುರು ಮಾಡಬೇಕು. ಪಟ್ಟಿಯಿಂದ ಲ್ಯಾಬನ್ನು ನೀವೇ ಆರಿಸಿ, ನೀವೇ ಅವರಿಗೆ ಬರೆದು, ನೀವೇ ನೇರವಾಗಿ ದುಡ್ಡು ಕಟ್ಟಬೇಕು. ನಡುವೆ ಮೂರನೆಯವರು ಇರಲೇಬಾರದು ಅಂತ ಅಮೆರಿಕದ ವಿದೇಶಾಂಗ ಇಲಾಖೆ ಸ್ಪಷ್ಟವಾಗಿ ಬರೆದಿದೆ. ಕಿಟ್ಟನ್ನು ಲ್ಯಾಬ್‌ನವರು ಸೀದಾ ಕಾನ್ಸುಲೇಟ್‌ಗೆ ಕಳಿಸುತ್ತಾರೆ, ನಿಮ್ಮ ಮನೆಗೆ ಬರುವುದಿಲ್ಲ. ಅಮೆರಿಕದಲ್ಲಿರುವ ತಂದೆ ಅಲ್ಲೇ, ಲ್ಯಾಬ್ ಹೇಳಿದ ಜಾಗಕ್ಕೆ ಹೋಗಿ ಸ್ವಾಬ್ ಕೊಡಬಹುದು. ಇಲ್ಲಿ ಮಗುವಿನ ಸ್ವಾಬ್ ಕಾನ್ಸುಲೇಟ್ ಹೇಳಿದ ಜಾಗದಲ್ಲಿ, ಅವರ ಕಡೆಯವರ ಕಣ್ಣೆದುರಿಗೆ ತೆಗೆಯುತ್ತಾರೆ. ಈ ಸಲ ತಂಗಿಯ ಪಾಸ್‌ಪೋರ್ಟ್ ನೋಡಿ, ಮುಖ ನೋಡಿ, ಸೀಲ್ ಇದ್ದ ಕವರನ್ನು ನಮ್ಮೆದುರಿಗೇ ಹರಿದರು. ಸ್ವಾಬ್ ಒಳಗೆ ಹಾಕಿ ಅಂಟಿಸಿ, ಅಂಟಿನ ಮೇಲೆ ಅಡ್ಡವಾಗಿ ಸಹಿ ಹಾಕಿದರು. ಫಲಿತಾಂಶವೂ ಲ್ಯಾಬಿನಿಂದ ನೇರ ಕಾನ್ಸುಲೇಟ್‌ಗೇ ಹೋಗುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ಲ್ಯಾಬಿಗೆ ಗೊತ್ತಾಗುವುದು ಈ ಕಡ್ಡಿಗೂ ಆ ಕಡ್ಡಿಗೂ ಸಂಬಂಧ ಇದೆಯೋ ಇಲ್ಲವೋ ಅನ್ನೋದಷ್ಟೇ. ಡಿಎನ್‌ಎಯ ಕೆಲವು ಜಾಗಗಳಲ್ಲಿ ಪುಟ್ಟ ತುಣುಕೊಂದು ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಅನ್ನೋದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಪ್ರತಿ ಜಾಗದಲ್ಲೂ ಮಗುವಿಗೆ ಒಂದು ಪಾಲು ತಾಯಿಯಿಂದ, ಒಂದು ಪಾಲು ತಂದೆಯಿಂದ ಬಂದಿರುತ್ತದೆ. ಅಂಥ ಹಲವು ಜಾಗಗಳನ್ನು ಹೋಲಿಸಿ ಲೆಕ್ಕ ಹಾಕುತ್ತಾರೆ. ಕಾನ್ಸುಲೇಟ್‌ಗೆ 99.5 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸಾಕು. ಏಜೆಂಟ್ ಕೊಟ್ಟ ರಿಪೋರ್ಟಿನ ಅಂಕಿ ಸರಿಯಾಗೇ ಇದ್ದಿರಬಹುದು. ಆದರೆ ಕಡ್ಡಿ ಯಾರ ಬಾಯಿಂದ ಬಂತು ಅನ್ನೋದಕ್ಕೆ ಸಾಕ್ಷಿ ಯಾರು? ಅಂಥ ಕಾಗದಕ್ಕೆ ಅಲ್ಲಿ ಬೆಲೆ ಇಲ್ಲ, 99.99 ಅಂತ ಇದ್ದರೂ ಇಲ್ಲ.

ಇನ್ನೊಂದು ವಿಷಯ, ಇದನ್ನು ಏಜೆಂಟರು ಬೇಕಂತಲೇ ಹೇಳುವುದಿಲ್ಲ. ಡಿಎನ್‌ಎ ಹೊಂದಿದ ಮಾತ್ರಕ್ಕೆ ಪಾಸ್‌ಪೋರ್ಟ್ ಬರುವುದಿಲ್ಲ. ಮದುವೆಯಾದ ಗಂಡ ಹೆಂಡತಿಯಲ್ಲಿ ಒಬ್ಬರು ಮಾತ್ರ ಅಮೆರಿಕದ ಪ್ರಜೆ ಆಗಿದ್ದರೆ, ಆ ಪ್ರಜೆ ಮಗು ಹುಟ್ಟುವ ಮುಂಚೆ ಒಟ್ಟು 5 ವರ್ಷ ಅಮೆರಿಕದ ನೆಲದಲ್ಲಿ ಇದ್ದಿರಬೇಕು, ಅದರಲ್ಲಿ 2 ವರ್ಷ 14 ತುಂಬಿದ ಮೇಲಿನದ್ದು. ಇದಕ್ಕೆ ಕಾಲೇಜಿನ ಮಾರ್ಕ್ಸ್ ಕಾರ್ಡ್, ಸಂಬಳದ ದಾಖಲೆ, ಟ್ಯಾಕ್ಸ್ ಕಾಗದ, ಹಳೆ ಪಾಸ್‌ಪೋರ್ಟ್, ಏನೇನಿದೆಯೋ ಎಲ್ಲ ಕೂಡಿಸಿಡಿ. ತಂದೆ ಜೊತೆಗೆ ಬರಲು ಆಗದಿದ್ದರೆ ಡಿಎಸ್-5507 (ತಾನೇ ತಂದೆ, ಅಮೆರಿಕದಲ್ಲಿ ಇಷ್ಟು ದಿನ ಇದ್ದೆ ಅನ್ನುವ ಪ್ರಮಾಣ) ಮತ್ತು ಡಿಎಸ್-3053 (ಮಗುವಿನ ಪಾಸ್‌ಪೋರ್ಟ್‌ಗೆ ಒಪ್ಪಿಗೆ) ಫಾರಂಗಳನ್ನು ಅಲ್ಲೇ ನೋಟರಿ ಮಾಡಿಸಿ ಕಳಿಸಬೇಕು. ನಮ್ಮ ಕಡೆಯವರಿಗೆ ಇನಿಷಿಯಲ್ ಬೇರೆ ಒಂದು ತಲೆನೋವು. ಜನನ ಪ್ರಮಾಣ ಪತ್ರದಲ್ಲಿ ತಂದೆಯ ಹೆಸರಿನ ಮುಂದೆ ಎರಡು ಅಕ್ಷರ, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ತಾತನ ಹೆಸರು ಪೂರ್ತಿ. ಆಸ್ಪತ್ರೆಯಲ್ಲಿ ಫಾರಂ ತುಂಬುವಾಗಲೇ ಪಾಸ್‌ಪೋರ್ಟ್ ಎದುರಿಗೆ ಇಟ್ಟುಕೊಂಡು ಬರೆಸಿ.

ಭಾರತದ ಪಾಸ್‌ಪೋರ್ಟ್‌ಗೂ ಡಿಎನ್‌ಎ ಬೇಕು ಅಂತ ಹೆದರಿಸುವವರೂ ಇದ್ದಾರಂತೆ. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮಕ್ಕಳಿಗೆ ಮಾಮೂಲಾಗಿ ಕೇಳುವುದು ಜನನ ಪ್ರಮಾಣ ಪತ್ರ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಹುಟ್ಟಿದ ತಾರೀಖಿನ ಪುರಾವೆ ಅದೊಂದೇ. ಡಿಎನ್‌ಎ ಅಂತ ಯಾರಾದರೂ ಅಂದರೆ ಎದ್ದು ಬನ್ನಿ.

ದುಡ್ಡು ಹೋದದ್ದಕ್ಕಿಂತ ನನಗೆ ಹೊಟ್ಟೆ ಉರಿಸಿದ್ದು ಬೇರೆ. ಆ ರಿಪೋರ್ಟನ್ನು ಏಜೆಂಟ್ ತಂಗಿಗಾಗಲಿ, ಅವಳ ಗಂಡನಿಗಾಗಲಿ ಕಳಿಸಲಿಲ್ಲ. ದುಡ್ಡು ಹಾಕಿದ ನಂಬರ್ ಅಂತ ಮಾವನವರ ವಾಟ್ಸಾಪ್‌ಗೆ ಕಳಿಸಿದ. ಅವರಿಗೆ ಇಂಗ್ಲಿಷ್ ಓದಲು ಕಷ್ಟ. ಪಕ್ಕದ ಮನೆಯ ಹುಡುಗನ ಕೈಲಿ ಓದಿಸಿದರು. 'ಪಿತೃತ್ವ ಪರೀಕ್ಷೆ' ಅನ್ನೋ ಮಾತು ಬೀದಿಗೆ ಬಿತ್ತು. ಟೆಸ್ಟ್ ಯಾಕೆ ಮಾಡಿಸಿದರು ಅಂತ ಕೇಳುವವರಿಗೆ ಉತ್ತರ ಬೇಕಾಗಿರುವುದಿಲ್ಲ, ಕೇಳುವುದೇ ಅವರಿಗೆ ಬೇಕಾದದ್ದು. ತಂಗಿ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. 'ಅಕ್ಕಾ, ನಾಳೆ ಇವಳು ದೊಡ್ಡವಳಾದ ಮೇಲೆ ಯಾರಾದರೂ ಇವಳಿಗೆ ಹೇಳ್ತಾರಾ?' ಅಂತ ಕೇಳಿದಳು. ನಿಜವಾದ ಟೆಸ್ಟಿನಲ್ಲಿ ಹೀಗೆ ಆಗುವುದಕ್ಕೆ ದಾರಿಯೇ ಇರಲಿಲ್ಲ.

ಸಿಆರ್‌ಬಿಎ ಆಯಿತು, ಪಾಸ್‌ಪೋರ್ಟ್ ಕೈಗೆ ಬಂತು. ಮೊದಲ ರಿಪೋರ್ಟ್ ನಡೆಯಲಿಲ್ಲ ಅಂತ ಏಜೆಂಟ್‌ಗೆ ಫೋನ್ ಮಾಡಿದಾಗ, ಇನ್ನಷ್ಟು ಕೊಟ್ಟರೆ 'ಕಾನ್ಸುಲೇಟ್ ಪ್ಯಾಕೇಜ್' ಮಾಡಿಸ್ತೀನಿ ಅಂದ. ದುಡ್ಡು ವಾಪಸ್ ಕೇಳಿದ ಮೇಲೆ ಫೋನ್ ಎತ್ತುತ್ತಿಲ್ಲ. ರಸೀದಿ ಮತ್ತು ವಾಟ್ಸಾಪ್ ಮಾತುಕತೆ ಇಟ್ಟುಕೊಂಡು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದೇ. ಮಗುವಿನ ಸ್ವಾಬ್ ನಾಶ ಮಾಡಿ, ನಮ್ಮ ಪಾಸ್‌ಪೋರ್ಟ್, ಆಧಾರ್ ಪ್ರತಿಗಳನ್ನು ಅಳಿಸಿ, ಅಳಿಸಿದ್ದೀವಿ ಅಂತ ಬರಹದಲ್ಲಿ ಕೊಡಿ ಅಂತ ಏಜೆಂಟ್‌ಗೂ ಲ್ಯಾಬಿಗೂ ರಿಜಿಸ್ಟರ್ಡ್ ಪೋಸ್ಟ್ ಹಾಕಿದ್ದೇವೆ. ಯಾರಿಂದಲೂ ಉತ್ತರ ಬಂದಿಲ್ಲ. ನೀವೂ ಈಗಾಗಲೇ ಹೀಗೆ ಸ್ವಾಬ್ ಕೊಟ್ಟಿದ್ದರೆ, ದುಡ್ಡಿನ ಮಾತಿಗೆ ಮುಂಚೆ ಆ ಕಾಗದ ಬರೆಯಿರಿ.